‘ಸಾರ್, ಫ್ಯಾಕ್ಸ್ ಟೋನ್ ಕೊಡಿ’: ಕರೆ ಯಾರದೆಂದು ಯಂತ್ರಕ್ಕೆ ತಿಳಿಯುವುದು ಹೇಗೆ?

ತೊಂಬತ್ತರ ದಶಕದಲ್ಲಿ ಸಂಜೆ ಹೊತ್ತು ತಾಲ್ಲೂಕು ಕೇಂದ್ರದ ಎಸ್‌ಟಿಡಿ ಬೂತ್ ಮುಂದೆ ನಿಂತವರಿಗೆ ಈ ಮಾತು ಚೆನ್ನಾಗಿ ನೆನಪಿರುತ್ತದೆ. ಪತ್ರಿಕೆಯ ಬಾತ್ಮೀದಾರರು ಬಿಳಿ ಹಾಳೆಯಲ್ಲಿ ಕೈಯಾರೆ ಬರೆದ ಎರಡು ಪುಟದ ಸುದ್ದಿಯನ್ನು ಬೂತಿನವರಿಗೆ ಕೊಡುತ್ತಿದ್ದರು. ಬೂತಿನವರು ಹಾಳೆಯನ್ನು ಯಂತ್ರದ ಬಾಯಿಗಿಟ್ಟು ಬೆಂಗಳೂರಿನ ನಂಬರ್ ಒತ್ತುತ್ತಿದ್ದರು. ಆ ಕಡೆ ಯಾರೋ ಫೋನ್ ಎತ್ತಿ ಹಲೋ ಎಂದರೆ, ಇವರು ‘ಸಾರ್, ಫ್ಯಾಕ್ಸ್ ಟೋನ್ ಕೊಡಿ’ ಎನ್ನುತ್ತಿದ್ದರು. ಅಲ್ಲಿನವರು ತಮ್ಮ ಯಂತ್ರದ ಸ್ಟಾರ್ಟ್ ಗುಂಡಿ ಒತ್ತಿದೊಡನೆ ಕಿವಿಗೆ ಚುಚ್ಚುವ ಕೀ ಎಂಬ ಸದ್ದು. ಆಗ ಇಲ್ಲಿನವರೂ ಗುಂಡಿ ಒತ್ತಿ ರಿಸೀವರ್ ಇಟ್ಟುಬಿಡುತ್ತಿದ್ದರು. ಹಾಳೆ ನಿಧಾನವಾಗಿ ಒಳಗೆ ಸರಿಯುತ್ತಿತ್ತು.

ಕರೆ ಮಾತಿಗೆ ಬಂದದ್ದೋ ಫ್ಯಾಕ್ಸ್‌ಗೆ ಬಂದದ್ದೋ ಎಂಬುದನ್ನು ಅಲ್ಲಿ ತೀರ್ಮಾನಿಸುತ್ತಿದ್ದವರು ಇಬ್ಬರು ಮನುಷ್ಯರು. ರಾತ್ರಿ ಕಚೇರಿಗೆ ಬೀಗ ಬಿದ್ದ ಮೇಲೆ ಅದೇ ನಂಬರಿಗೆ ಕರೆ ಬಂದರೆ ಆ ತೀರ್ಮಾನ ಯಾರದು?

ಈ ಪ್ರಶ್ನೆ ಹಳತಾಯಿತು ಎನ್ನುವಂತಿಲ್ಲ. ಅಮೆರಿಕದ ವೈದ್ಯರ ಕಚೇರಿಗಳು ಮತ್ತು ಔಷಧಿ ಅಂಗಡಿಗಳು ಇಂದಿಗೂ ರೋಗಿಗಳ ಕಾಗದಗಳನ್ನು ಫ್ಯಾಕ್ಸ್‌ನಲ್ಲಿ ಕಳಿಸುತ್ತವೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ಮೊದಲ ಸಲ ಆಸ್ಪತ್ರೆಯ ಅರ್ಜಿಯಲ್ಲಿ ‘ಫ್ಯಾಕ್ಸ್ ಸಂಖ್ಯೆ’ ಎಂಬ ಕಲಂ ಕಂಡು ಅಚ್ಚರಿಪಡುತ್ತಾರೆ. ತಾಮ್ರದ ತಂತಿಯ ದೂರವಾಣಿ ಹೋಗಿ ಫೈಬರ್ ಬಂದ ಕಡೆಗಳಲ್ಲಿ ವರ್ಷಗಟ್ಟಲೆ ಸರಿಯಾಗಿದ್ದ ಫ್ಯಾಕ್ಸ್ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಇನ್ನು ಕೆಲವರಿಗೆ ಮನೆಯ ಫೋನ್ ಎತ್ತಿದರೆ ಮಾತೇ ಇಲ್ಲ, ಆಗಾಗ ಒಂದು ‘ಬೀಪ್’ ಮಾತ್ರ. ಈ ಮೂರು ಅನುಭವಗಳ ಬೇರೂ ಒಂದೇ ಕಡೆ ಇದೆ.

ಗಂಟೆ ಏನನ್ನೂ ಹೇಳುವುದಿಲ್ಲ

ಮೊದಲು ಮೋಡೆಮ್ ಎಂದರೇನು ಎಂದು ನೋಡೋಣ. ದೂರವಾಣಿಯ ತಂತಿಯನ್ನು ಮಾಡಿರುವುದು ಮನುಷ್ಯರ ದನಿಗಾಗಿ. ಸೆಕೆಂಡಿಗೆ 300ರಿಂದ 3400 ಕಂಪನಗಳ ನಡುವಿನ ಸದ್ದುಗಳು ಮಾತ್ರ ಅದರಲ್ಲಿ ಚೆನ್ನಾಗಿ ಸಾಗುತ್ತವೆ. ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆಗೆ ಹರ್ಟ್ಸ್ ಎಂದು ಹೆಸರು. ಕಂಪ್ಯೂಟರಿನ ಸೊನ್ನೆ ಮತ್ತು ಒಂದುಗಳನ್ನು ಈ ವ್ಯಾಪ್ತಿಯ ಸದ್ದುಗಳನ್ನಾಗಿ ಮಾರ್ಪಡಿಸಿ ಕಳಿಸುವ, ಬಂದ ಸದ್ದುಗಳನ್ನು ಮತ್ತೆ ಸೊನ್ನೆ ಒಂದುಗಳಾಗಿ ಬಿಡಿಸುವ ಸಾಧನವೇ ಮೋಡೆಮ್. ಪುಟದ ಚಿತ್ರವನ್ನು ಹೀಗೆ ಕಳಿಸಿ ಪಡೆಯಬಲ್ಲದ್ದು ಫ್ಯಾಕ್ಸ್ ಮೋಡೆಮ್. ಫ್ಯಾಕ್ಸ್ ಯಂತ್ರದ ಹೊಟ್ಟೆಯಲ್ಲೂ ಇದೇ ಇರುತ್ತದೆ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯಲ್ಲೂ ಇದೇ ಇರುತ್ತದೆ.

ಯಾರೂ ಮಾತಾಡದಿರುವಾಗ ತಾಮ್ರದ ತಂತಿಯಲ್ಲಿ ಸುಮಾರು 48 ವೋಲ್ಟ್‌ನಷ್ಟು ನೇರ ವಿದ್ಯುತ್ತಿನ ಒತ್ತಡ ಇರುತ್ತದೆ. ಕರೆ ಬಂದಾಗ ದೂರವಾಣಿ ಕೇಂದ್ರವು ಅದರ ಮೇಲೆ 75ರಿಂದ 90 ವೋಲ್ಟ್‌ನಷ್ಟು ಪರ್ಯಾಯ ವಿದ್ಯುತ್ತನ್ನು ಹರಿಸುತ್ತದೆ. ಇದು ಭಾರತದಲ್ಲಿ ಸೆಕೆಂಡಿಗೆ 25 ಸಲ, ಅಮೆರಿಕದಲ್ಲಿ 20 ಸಲ ದಿಕ್ಕು ಬದಲಿಸುತ್ತದೆ. ಹಳೆಯ ಫೋನುಗಳಲ್ಲಿ ಗಂಟೆಯ ಸುತ್ತಿಗೆಯನ್ನು ಆಡಿಸುತ್ತಿದ್ದುದು ಇದೇ. ಮೋಡೆಮ್‌ನಲ್ಲಿ ಗಂಟೆಯಿಲ್ಲ. ಆ ವಿದ್ಯುತ್ತನ್ನು ಗ್ರಹಿಸುವ ಒಂದು ಸಣ್ಣ ಮಂಡಲವಿದೆ. ಅದು ಕಂಪ್ಯೂಟರಿಗೆ ‘ರಿಂಗ್’ ಎಂಬ ಒಂದೇ ಪದವನ್ನು ಕಳಿಸುತ್ತದೆ. ಎಷ್ಟನೆಯ ರಿಂಗ್‌ಗೆ ಎತ್ತಬೇಕು ಎಂಬುದನ್ನು ಮೋಡೆಮ್‌ನೊಳಗಿನ ‘ಎಸ್ ಸೊನ್ನೆ’ ಎಂಬ ಸ್ಥಾನದಲ್ಲಿ ಮೊದಲೇ ಬರೆದಿಡಬಹುದು. ಅಲ್ಲಿ ಸೊನ್ನೆ ಇದ್ದರೆ ಅದು ತಾನಾಗಿ ಎತ್ತುವುದೇ ಇಲ್ಲ. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದ ಆದೇಶಗಳ ಭಾಷೆ ಇದು. ಮುಂದೆ ಬಂದ ಮೋಡೆಮ್‌ಗಳೆಲ್ಲ ಬಹುಪಾಲು ಇದನ್ನೇ ಕಲಿತವು.

ಇಲ್ಲಿ ಗಮನಿಸಬೇಕಾದದ್ದು, ಬಾಗಿಲು ತಟ್ಟಿದ ಸದ್ದಿನಿಂದ ಬಂದವರು ನೆಂಟರೋ ಅಂಚೆಯವರೋ ಗೊತ್ತಾಗುವುದಿಲ್ಲ. ಫೋನಿನ ಗಂಟೆಯೂ ಹಾಗೆಯೇ. ಅಕ್ಕ ಕರೆದರೂ ಅದೇ ವಿದ್ಯುತ್ತು, ಫ್ಯಾಕ್ಸ್ ಕರೆದರೂ ಅದೇ ವಿದ್ಯುತ್ತು. ಕರೆಯ ಬಗೆ ತಿಳಿಯಬೇಕಾದರೆ ಮೊದಲು ಎತ್ತಲೇಬೇಕು.

ಇದಕ್ಕೆ ಎರಡು ಅಪವಾದಗಳಿವೆ. ಅಮೆರಿಕದಂಥ ಕಡೆ ಒಂದೇ ತಂತಿಗೆ ಎರಡು ಮೂರು ನಂಬರ್ ಕೊಟ್ಟು, ಪ್ರತಿ ನಂಬರಿಗೂ ಗಂಟೆಯ ಲಯವನ್ನೇ ಬೇರೆ ಮಾಡುವ ಸೇವೆ ಇದೆ. ಮಾತಿನ ನಂಬರಿಗೆ ಒಂದು ಉದ್ದನೆಯ ಗಂಟೆ, ಫ್ಯಾಕ್ಸ್ ನಂಬರಿಗೆ ಎರಡು ಗಿಡ್ಡ ಗಂಟೆ. ಲಯವನ್ನು ಅಳೆಯಬಲ್ಲ ಮೋಡೆಮ್ ಎತ್ತುವ ಮೊದಲೇ ವಿಷಯ ತಿಳಿದುಕೊಳ್ಳುತ್ತದೆ. ನನ್ನ ಮಟ್ಟಿಗೆ ಎಲ್ಲ ಉಪಾಯಗಳಲ್ಲಿ ಇದೇ ಅಚ್ಚುಕಟ್ಟಾದದ್ದು, ಇಲ್ಲಿ ಊಹೆಗೆ ಎಡೆಯಿಲ್ಲ. ಎರಡನೆಯದು ಕರೆ ಮಾಡಿದವರ ನಂಬರ್. ಅಮೆರಿಕದಲ್ಲಿ ಅದು ಮೊದಲನೆಯ ಮತ್ತು ಎರಡನೆಯ ಗಂಟೆಗಳ ನಡುವಿನ ಬಿಡುವಿನಲ್ಲಿ ಬರುತ್ತದೆ. ಹೀಗಾಗಿ ನಂಬರ್ ನೋಡಿ ತೀರ್ಮಾನಿಸಬೇಕಾದ ಮೋಡೆಮ್ ಮೊದಲ ಗಂಟೆಗೇ ಎತ್ತುವಂತಿಲ್ಲ.

ಎತ್ತಿದ ಮೇಲಿನ ಮೌನ

ಎತ್ತುವುದೆಂದರೆ ಮೋಡೆಮ್ ಒಳಗಿನ ಒಂದು ಸ್ವಿಚ್ ಮುಚ್ಚಿಕೊಂಡು ತಂತಿಯ ಎರಡು ಎಳೆಗಳನ್ನು ಕೂಡಿಸುವುದು. ಹಳೆಯ ಮೋಡೆಮ್‌ಗಳಲ್ಲಿ ಇದು ‘ಟಕ್’ ಎಂದು ಕೇಳಿಸುತ್ತಿತ್ತು. ವಿದ್ಯುತ್ತು ಹರಿಯತೊಡಗಿದೊಡನೆ ದೂರವಾಣಿ ಕೇಂದ್ರವು ಗಂಟೆ ನಿಲ್ಲಿಸಿ, ಎರಡೂ ಕಡೆಯವರನ್ನು ಜೋಡಿಸಿ, ಶುಲ್ಕದ ಲೆಕ್ಕ ಶುರುಮಾಡುತ್ತದೆ.

ಆದರೆ ಮೋಡೆಮ್ ತಕ್ಷಣ ಸದ್ದು ಮಾಡುವುದಿಲ್ಲ. ವಿ.25 ಎಂಬ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅದು 1.8ರಿಂದ 2.5 ಸೆಕೆಂಡುಗಳ ಕಾಲ ಸುಮ್ಮನಿರಬೇಕು. ಕೇಂದ್ರಗಳು ತಮ್ಮೊಳಗೆ ಕಳಿಸಿಕೊಳ್ಳುವ ಸಂಕೇತಗಳಿಗೆ ಮೋಡೆಮ್‌ನ ಸದ್ದು ಅಡ್ಡ ಬರಬಾರದು ಎಂಬುದು ಇದರ ಉದ್ದೇಶ. ಇದರಿಂದ ಇನ್ನೊಂದು ಪ್ರಯೋಜನವೂ ಒದಗಿತು. ತಾನು ಸುಮ್ಮನಿದ್ದಾಗ ಎದುರಿನ ದನಿ ಚೆನ್ನಾಗಿ ಕೇಳುತ್ತದೆ.

ಕರೆದವರು ಹೇಳಿಕೊಳ್ಳುವ ಪರಿಚಯ

ತಾನಾಗಿ ನಂಬರ್ ಒತ್ತಿ ಕರೆಯುವ ಫ್ಯಾಕ್ಸ್ ಯಂತ್ರ ಸುಮ್ಮನೆ ಕಾಯುವುದಿಲ್ಲ. 1100 ಹರ್ಟ್ಸ್‌ನ ಒಂದು ಸ್ವರವನ್ನು ಅರ್ಧ ಸೆಕೆಂಡು ಹೊರಡಿಸಿ, ಮೂರು ಸೆಕೆಂಡು ಬಿಡುತ್ತದೆ. ಮತ್ತೆ ಅರ್ಧ ಸೆಕೆಂಡು, ಮತ್ತೆ ಮೂರು ಸೆಕೆಂಡು. ಫೋನ್ ಎತ್ತಿದಾಗ ಕೇಳುವ ಆ ಒಂಟಿ ‘ಬೀಪ್’ ಇದೇ. ಫ್ಯಾಕ್ಸ್ ಮಾತುಕತೆಯ ನಿಯಮಾವಳಿಯಾದ ಟಿ.30ರಲ್ಲಿ ಇದಕ್ಕೆ ಸಿಎನ್‌ಜಿ ಎಂದು ಹೆಸರು. ವಾಹನಗಳ ಇಂಧನಕ್ಕೂ ಇದಕ್ಕೂ ಸಂಬಂಧವಿಲ್ಲ, ‘ಕರೆಯುತ್ತಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಪದದ ಮೊಟಕು ರೂಪ ಅದು. ಇಲ್ಲಿ ಅದನ್ನು ಕರೆಯ ಟೋನ್ ಎನ್ನೋಣ.

ದತ್ತಾಂಶಕ್ಕಾಗಿ ಕರೆಯುವ ಮೋಡೆಮ್‌ಗಳಿಗೂ ಇಂಥದ್ದೇ ಒಂದು ಟೋನ್ ಉಂಟು. ದತ್ತಾಂಶದ ಕರೆ ಎಂದರೆ ಕಂಪ್ಯೂಟರಿಗೆ ಕಂಪ್ಯೂಟರ್ ಮಾಡುವ ಕರೆ, ಹಿಂದೆ ಫೋನ್ ತಂತಿಯಲ್ಲಿ ಇಂಟರ್‌ನೆಟ್ ಸೇರುತ್ತಿದ್ದ ಬಗೆಯದು. ಅದರ ಟೋನ್ 1300 ಹರ್ಟ್ಸ್, ಅರ್ಧ ಸೆಕೆಂಡಿಗಿಂತ ತುಸು ಉದ್ದ, ನಡುವಿನ ಬಿಡುವು ಒಂದೂವರೆಯಿಂದ ಎರಡು ಸೆಕೆಂಡು. ಆದರೆ ಬಹಳಷ್ಟು ಮೋಡೆಮ್‌ಗಳು ಇದನ್ನು ಹೊರಡಿಸದೆ ಸುಮ್ಮನೆ ಕಾಯುತ್ತವೆ.

ಮನುಷ್ಯ ಕರೆದರೆ ‘ಹಲೋ’ ಎನ್ನುತ್ತಾನೆ, ಇಲ್ಲವೇ ಆ ಕಡೆಯಿಂದ ಹಲೋ ಬರಲಿ ಎಂದು ಕಾಯುತ್ತಾನೆ.

ಮೋಡೆಮ್ ಎಷ್ಟು ಹೊತ್ತು ಕಿವಿಗೊಡಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅದು ಎತ್ತಿದ ಕ್ಷಣದಲ್ಲಿ ಕರೆಯ ಟೋನ್ ಆಗಷ್ಟೇ ಶುರುವಾಗಿತ್ತು ಎಂದಿಟ್ಟುಕೊಳ್ಳಿ. ಆ ಅರ್ಧ ಸೆಕೆಂಡಿನ ತಲೆ ತಪ್ಪಿಹೋಯಿತು. ಮೂರು ಸೆಕೆಂಡು ಬಿಡುವು. ಅನಂತರ ಪೂರ್ತಿ ಟೋನ್ ಒಂದು ಸಲ ಕೇಳಲು ಇನ್ನರ್ಧ ಸೆಕೆಂಡು. ಒಟ್ಟು ನಾಲ್ಕು ಸೆಕೆಂಡು. ಖಾತ್ರಿಗಾಗಿ ಎರಡು ಸಲ ಕೇಳಬೇಕೆಂದರೆ ಏಳೂವರೆ ಸೆಕೆಂಡು. ಇದಕ್ಕಿಂತ ಬೇಗ ‘ಇದು ಫ್ಯಾಕ್ಸ್ ಅಲ್ಲ’ ಎಂದು ನಿರ್ಧರಿಸಿದರೆ ನಿಜವಾದ ಫ್ಯಾಕ್ಸ್ ಕೈತಪ್ಪುವ ಸಾಧ್ಯತೆ ಇರುತ್ತದೆ.

ಸಾವಿರ ಸದ್ದುಗಳ ನಡುವೆ ಒಂದೇ ಸ್ವರ

ತಂತಿಯಲ್ಲಿ ಗೊರಗೊರ ಸದ್ದಿರುತ್ತದೆ, ಮಾತಿರುತ್ತದೆ, ಕೆಲವೊಮ್ಮೆ ಸಂಗೀತವೂ ಇರುತ್ತದೆ. ಅವುಗಳ ನಡುವೆ 1100 ಹರ್ಟ್ಸ್ ಇದೆಯೇ ಎಂದು ಮೋಡೆಮ್ ಪತ್ತೆ ಹಚ್ಚುವ ಬಗೆ ನಮ್ಮ ಸಂಗೀತದವರಿಗೆ ಹೊಸದಲ್ಲ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರ ಇಟ್ಟು ಒಂದರ ತಂತಿ ಮೀಟಿದರೆ, ಇನ್ನೊಂದರ ತಂತಿ ಮುಟ್ಟದೆಯೇ ಕಂಪಿಸುತ್ತದೆ. ಅದರ ಮೇಲೆ ಕಾಗದದ ಚೂರೊಂದನ್ನು ಮಡಿಸಿ ಕೂರಿಸಿದ್ದರೆ ಅದು ಅದುರುವುದು ಕಾಣುತ್ತದೆ. ಶ್ರುತಿ ಸೇರದ ತಂತಿ ಹಾಗೆ ಅದುರುವುದಿಲ್ಲ.

ಮೋಡೆಮ್‌ನಲ್ಲಿ ಇಂಥ ತಂತಿಯನ್ನು ಲೆಕ್ಕದಲ್ಲಿ ಕಟ್ಟಿರುತ್ತಾರೆ. ತಂತಿಯ ಸದ್ದನ್ನು ಸೆಕೆಂಡಿಗೆ 8000 ಸಲ ಅಳೆದು, ಸಿಕ್ಕ ಅಂಕಿಗಳನ್ನು 1100 ಹರ್ಟ್ಸ್‌ಗೆ ಶ್ರುತಿ ಮಾಡಿದ ಒಂದು ಸಣ್ಣ ಸೂತ್ರದ ಮೂಲಕ ಹಾಯಿಸುತ್ತಾರೆ. ಆ ಸ್ವರ ಇದ್ದರೆ ಉತ್ತರದ ಅಂಕಿ ಬೆಳೆಯುತ್ತಾ ಹೋಗುತ್ತದೆ, ಇಲ್ಲದಿದ್ದರೆ ಏರಿಳಿದು ಸಣ್ಣದಾಗಿಯೇ ಉಳಿಯುತ್ತದೆ. ಇದಕ್ಕೆ ಹೆಸರಾದ ವಿಧಾನವನ್ನು ಗೆರಾಲ್ಡ್ ಗರ್ಟ್ಜೆಲ್ ಎಂಬವರು 1958ರಲ್ಲಿ ಪ್ರಕಟಿಸಿದರು. ಫೋನಿನಲ್ಲಿ ಒತ್ತುವ ಅಂಕಿಗಳ ಟೋನ್‌ಗಳನ್ನು ಗುರುತಿಸಲೂ ಇದೇ ವಿಧಾನ ಬಳಕೆಯಲ್ಲಿದೆ.

ಆದರೆ ಮನುಷ್ಯರ ದನಿಯಲ್ಲೂ 1100 ಹರ್ಟ್ಸ್‌ನ ಅಂಶ ಬಂದು ಹೋಗುತ್ತದೆ. ಮಗುವಿನ ಕೀರಲು ದನಿಯನ್ನೋ ಕೊಳಲಿನ ಸ್ವರವನ್ನೋ ಫ್ಯಾಕ್ಸ್ ಎಂದು ತಿಳಿದುಬಿಟ್ಟರೆ ಆಭಾಸ. ಅದಕ್ಕಾಗಿ ಮೂರು ಪರೀಕ್ಷೆಗಳು ಒಟ್ಟಿಗೆ ನಡೆಯುತ್ತವೆ. ಆ ಒಂದು ಸ್ವರದ ಬಲ ಉಳಿದ ಎಲ್ಲ ಸದ್ದುಗಳ ಬಲಕ್ಕಿಂತ ತುಂಬಾ ಹೆಚ್ಚಿರಬೇಕು. ಅದು ಅಲುಗದೆ ಅರ್ಧ ಸೆಕೆಂಡಿನ ಹತ್ತಿರ ನಿಲ್ಲಬೇಕು. ಆಮೇಲೆ ತಟಕ್ಕನೆ ನಿಂತು ಮೌನವಾಗಬೇಕು. ಮಾತಿನಲ್ಲಿ ಈ ಮೂರೂ ಒಟ್ಟಿಗೆ ಕೂಡಿ ಬರುವುದು ಬಹಳ ಅಪರೂಪ. ನಿಯಮಾವಳಿಯೂ ಸ್ವಲ್ಪ ಸಡಿಲ ಬಿಟ್ಟಿದೆ. ಹಳೆಯ ಯಂತ್ರದ ಟೋನ್ 38 ಹರ್ಟ್ಸ್‌ನಷ್ಟು ಮೇಲೆ ಕೆಳಗೆ ಆದರೂ ಒಪ್ಪಿಕೊಳ್ಳಬೇಕು.

ಕರೆದವರು ಮೌನವಾಗಿದ್ದರೆ

ಕಷ್ಟ ಬರುವುದು ಇಲ್ಲಿ. ಬೂತಿನವರ ಯಂತ್ರವನ್ನು ಮತ್ತೆ ನೆನಪಿಸಿಕೊಳ್ಳಿ. ಕೈಯಿಂದ ನಂಬರ್ ಒತ್ತಿ ಕರೆಯುವಾಗ ಹಳೆಯ ಯಂತ್ರಗಳು ಅನೇಕ ವೇಳೆ ಕರೆಯ ಟೋನ್ ಹೊರಡಿಸುತ್ತಲೇ ಇರಲಿಲ್ಲ. ಪರಿಚಯ ಹೇಳಿಕೊಳ್ಳುವ ಕೆಲಸವನ್ನು ಬೂತಿನವರ ಬಾಯಿಗೆ ಬಿಟ್ಟಿದ್ದವು. ‘ಫ್ಯಾಕ್ಸ್ ಟೋನ್ ಕೊಡಿ’ ಎಂಬ ಮಾತು 1100 ಹರ್ಟ್ಸ್ ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಆ ಕಡೆ ಮನುಷ್ಯರಿಲ್ಲದೆ ಮೋಡೆಮ್ ಮಾತ್ರ ಇದ್ದರೆ ಅದಕ್ಕೆ ಕನ್ನಡ ತಿಳಿಯದು, ಕೇಳಿಸುವುದೆಲ್ಲ ಮಾತು ಅಥವಾ ಮೌನ.

ಆಗ ಮೋಡೆಮ್ ತಾನೇ ಮೊದಲು ಮಾತಾಡುತ್ತದೆ. 2100 ಹರ್ಟ್ಸ್‌ನ ಸ್ವರವನ್ನು ಎರಡೂವರೆಯಿಂದ ನಾಲ್ಕು ಸೆಕೆಂಡುಗಳಷ್ಟು ಕಾಲ ಎಡೆಬಿಡದೆ ಹೊರಡಿಸುತ್ತದೆ. ಬೂತಿನವರು ಕೇಳುತ್ತಿದ್ದ ‘ಟೋನ್’ ಇದೇ. ಇದನ್ನು ಉತ್ತರದ ಟೋನ್ ಎನ್ನಬಹುದು. ದೂರದ ಕರೆಗಳಲ್ಲಿ ಪ್ರತಿಧ್ವನಿ ತಡೆಯಲು ದೂರವಾಣಿ ಜಾಲ ಅಳವಡಿಸಿದ ಸಾಧನಗಳಿಗೂ ಇದು ಸಂಜ್ಞೆ. ಮನುಷ್ಯರ ಮಾತಿಗೆ ನೆರವಾಗುವ ಆ ಸಾಧನಗಳು ಮೋಡೆಮ್‌ಗಳ ಮಾತುಕತೆಯನ್ನು ಕೆಡಿಸುತ್ತವೆ. 2100 ಹರ್ಟ್ಸ್ ಕೇಳಿದೊಡನೆ ಅವು ಬದಿಗೆ ಸರಿಯುತ್ತವೆ.

ಈ ಟೋನ್ ಫ್ಯಾಕ್ಸ್‌ಗೂ ದತ್ತಾಂಶಕ್ಕೂ ಒಂದೇ ಎಂಬುದರಿಂದ ಮೋಡೆಮ್‌ಗೆ ಅನುಕೂಲವಾಯಿತು. ಕರೆದವರು ಯಾರೆಂದು ತಿಳಿಯದಿದ್ದರೂ ಉತ್ತರದ ಮೊದಲ ಪದವನ್ನು ಧೈರ್ಯವಾಗಿ ಹೇಳಬಹುದು. ಕವಲು ಒಡೆಯುವುದು ಅದರ ನಂತರ.

ಫ್ಯಾಕ್ಸ್ ದಾರಿ ಹಿಡಿದರೆ ಗುಳುಗುಳು ಎನ್ನುವ ಸದ್ದು ಕೇಳುತ್ತದೆ. 1650 ಮತ್ತು 1850 ಹರ್ಟ್ಸ್‌ಗಳ ನಡುವೆ ಬೇಗ ಬೇಗ ಜಿಗಿಯುತ್ತಾ ಸೆಕೆಂಡಿಗೆ 300 ಬಿಟ್‌ಗಳಂತೆ, ಅಂದರೆ 300 ಸೊನ್ನೆ ಒಂದುಗಳಂತೆ, ಬರುವ ಸಂದೇಶ ಅದು. ‘ನಾನು ಫ್ಯಾಕ್ಸ್, ಇಷ್ಟು ವೇಗ ಬಲ್ಲೆ, ಇಷ್ಟು ಅಗಲದ ಕಾಗದ ಇದೆ, ಇಷ್ಟು ಸೂಕ್ಷ್ಮವಾಗಿ ಮುದ್ರಿಸಬಲ್ಲೆ’ ಎಂದು ಅದರ ಅರ್ಥ. ಕರೆದದ್ದು ಫ್ಯಾಕ್ಸ್ ಆಗಿದ್ದರೆ ‘ಸರಿ, ಈ ವೇಗದಲ್ಲಿ ಕಳಿಸುತ್ತೇನೆ’ ಎಂದು ಉತ್ತರಿಸಿ, ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನು ಕಳಿಸಿ ತಂತಿಯನ್ನು ಪರೀಕ್ಷಿಸುತ್ತದೆ. ಸೊನ್ನೆಗಳು ಸರಿಯಾಗಿ ತಲುಪಿದರೆ ಪುಟ ಹೊರಡುತ್ತದೆ, ಇಲ್ಲದಿದ್ದರೆ ವೇಗ ತಗ್ಗಿಸಿ ಮತ್ತೆ ಪರೀಕ್ಷೆ. ಸಾಮಾನ್ಯ ಫ್ಯಾಕ್ಸ್‌ನ ಗರಿಷ್ಠ ವೇಗ ಸೆಕೆಂಡಿಗೆ 14,400 ಬಿಟ್.

ಗುಳುಗುಳುವಿಗೆ ಉತ್ತರ ಬಾರದಿದ್ದರೆ ಕರೆದದ್ದು ದತ್ತಾಂಶದ ಮೋಡೆಮ್ ಇರಬಹುದು ಎಂದು ಆ ದಾರಿಗೆ ಹೊರಳಬಹುದು. ಕರೆಯ ಟೋನ್ ಕೇಳದಿದ್ದರೆ ಮೊದಲು ದತ್ತಾಂಶದ ದಾರಿ ನೋಡಿ ಆಮೇಲೆ ಫ್ಯಾಕ್ಸ್‌ಗೆ ಬರುವ ಮೋಡೆಮ್‌ಗಳೂ ಇವೆ, ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. ಹೀಗೆ ಸಂದರ್ಭ ನೋಡಿ ಉತ್ತರಿಸುವುದಕ್ಕೆ ಅಡಾಪ್ಟಿವ್ ಆನ್ಸರ್ ಎಂಬ ಹೆಸರಿದೆ. ತೀರ್ಮಾನವಾದ ಮೇಲೆ ಮೋಡೆಮ್ ಕಂಪ್ಯೂಟರಿಗೆ ‘ಫ್ಯಾಕ್ಸ್’ ಎಂದೋ ‘ಡೇಟಾ’ ಎಂದೋ ತಿಳಿಸುತ್ತದೆ. ಲಿನಕ್ಸ್ ಬಳಸುವವರು ಬಲ್ಲ ಎಂಗೆಟಿ, ಹೈಲಾಫ್ಯಾಕ್ಸ್‌ನಂಥ ತಂತ್ರಾಂಶಗಳು ಆ ಒಂದು ಪದ ನೋಡಿ ಪುಟವನ್ನು ಕಡತವಾಗಿ ಉಳಿಸುವ ಕಾರ್ಯಕ್ರಮವನ್ನೋ, ಲಾಗಿನ್ ಕೇಳುವ ಕಾರ್ಯಕ್ರಮವನ್ನೋ ಎಬ್ಬಿಸುತ್ತವೆ.

ಆದರೆ ಸಮಯ ಧಾರಾಳವಾಗಿಲ್ಲ. ಕರೆದ ಫ್ಯಾಕ್ಸ್ ಸುಮಾರು 35 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಗುಳುಗುಳು ಕೇಳದಿದ್ದರೆ ಫೋನ್ ಇಟ್ಟುಬಿಡುತ್ತದೆ. ದತ್ತಾಂಶದ ದಾರಿಯಲ್ಲಿ ಹೆಚ್ಚು ಹೊತ್ತು ಅಲೆದರೆ ಫ್ಯಾಕ್ಸ್ ಹೋಯಿತೆಂದೇ ಅರ್ಥ.

1994ರಲ್ಲಿ ಬಂದ ವಿ.8 ಎಂಬ ನಿಯಮ ಈ ತಡಕಾಟವನ್ನು ಬಹಳ ಮಟ್ಟಿಗೆ ನೀಗಿಸಿತು. ಅದರಲ್ಲಿ ಉತ್ತರಿಸುವ ಮೋಡೆಮ್ 2100 ಹರ್ಟ್ಸ್‌ನ ಸ್ವರವನ್ನೇ ಸೆಕೆಂಡಿಗೆ 15 ಸಲ ಏರಿಳಿಸಿ, ಒಂದು ಬಗೆಯ ಗಮಕ ಕೊಟ್ಟು ಹೊರಡಿಸುತ್ತದೆ. ಆ ಏರಿಳಿತವನ್ನು ಗುರುತಿಸಬಲ್ಲ ಹೊಸ ಮೋಡೆಮ್ ‘ನಾನು ಫ್ಯಾಕ್ಸ್’ ಅಥವಾ ‘ನಾನು ದತ್ತಾಂಶ’ ಎಂದು ಸ್ಪಷ್ಟ ಪಟ್ಟಿಯನ್ನೇ ಕಳಿಸುತ್ತದೆ. ಹಳೆಯ ಮೋಡೆಮ್‌ಗೆ ಅದು ಮಾಮೂಲಿ ಉತ್ತರದ ಟೋನ್‌ನಂತೆಯೇ ಕೇಳುವುದರಿಂದ ಅದರ ಕೆಲಸಕ್ಕೂ ಅಡ್ಡಿಯಿಲ್ಲ. ಹಳಬರನ್ನು ಬಿಡದೆ ಹೊಸಬರನ್ನು ಸೇರಿಸಿಕೊಂಡ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು.

ಕರೆದದ್ದು ಮನುಷ್ಯನಾದರೆ

ಒಂದೇ ತಂತಿಯಲ್ಲಿ ಮನೆಮಂದಿಯ ಮಾತೂ ಫ್ಯಾಕ್ಸೂ ನಡೆಯಬೇಕಾದಲ್ಲಿ ಮೋಡೆಮ್ ಎತ್ತಿದೊಡನೆ ಕೀ ಎಂದರೆ ಕರೆದ ಅಜ್ಜಿ ಬೆಚ್ಚಿ ಫೋನ್ ಇಡುತ್ತಾರೆ. ಅದಕ್ಕಾಗಿ ‘ಫ್ಯಾಕ್ಸ್/ಫೋನ್’ ಎಂಬ ಆಯ್ಕೆಯಿರುವ ಯಂತ್ರಗಳು ಎತ್ತಿದ ಮೇಲೂ ಎತ್ತಿಲ್ಲವೆಂಬಂತೆ ನಡೆದುಕೊಳ್ಳುತ್ತವೆ. ಕರೆದವರಿಗೆ ಟ್ರಿಂಗ್ ಟ್ರಿಂಗ್ ಎಂಬ ಕೃತಕ ಸದ್ದನ್ನು ಕೇಳಿಸುತ್ತಾ, ಬಿಡುವುಗಳಲ್ಲಿ 1100 ಹರ್ಟ್ಸ್‌ಗೆ ಕಿವಿಗೊಡುತ್ತವೆ. ಕೇಳಿದರೆ ಫ್ಯಾಕ್ಸ್, ಕೇಳದಿದ್ದರೆ ತಮ್ಮ ಸ್ಪೀಕರ್‌ನಲ್ಲಿ ಬೇರೆಯೇ ಒಂದು ಗಂಟೆ ಬಾರಿಸಿ ಮನೆಯವರನ್ನು ಕರೆಯುತ್ತವೆ. ಅಷ್ಟು ಹೊತ್ತೂ ಕರೆದವರ ಶುಲ್ಕದ ಲೆಕ್ಕ ಓಡುತ್ತಿರುತ್ತದೆ. ಇನ್ನೂ ಗಂಟೆ ಬಾರಿಸುತ್ತಿದೆ ಎಂದೇ ಅವರು ತಿಳಿದಿರುತ್ತಾರೆ.

ದನಿಯನ್ನೂ ನಿಭಾಯಿಸುವ ವಾಯ್ಸ್ ಮೋಡೆಮ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ‘ನಮಸ್ಕಾರ, ಸಂದೇಶ ಬಿಡಿ’ ಎಂಬ ಮುದ್ರಿತ ದನಿಯನ್ನು ನುಡಿಸುತ್ತಲೇ ಅವು ಟೋನ್ ಹುಡುಕುತ್ತವೆ. ಸಿಕ್ಕೊಡನೆ ದನಿಯ ಹರಿವಿನ ನಡುವೆಯೇ ಕಂಪ್ಯೂಟರಿಗೆ ಒಂದು ಗುಟ್ಟಿನ ಅಕ್ಷರ ಕಳಿಸುತ್ತವೆ. ಫ್ಯಾಕ್ಸ್‌ನ ಕರೆಯ ಟೋನ್‌ಗೆ ‘ಸಿ’, ದತ್ತಾಂಶದ ಕರೆಯ ಟೋನ್‌ಗೆ ‘ಇ’. ತನ್ನದೇ ದನಿಯ ಪ್ರತಿಧ್ವನಿಯ ನಡುವೆ ಎದುರಿನ ಟೋನ್ ಹುಡುಕುವುದು ಸುಲಭವಲ್ಲ. ಸಂದೇಶದ ಮೊದಲಿಗೆ ಐದು ಸೆಕೆಂಡು ಖಾಲಿ ಬಿಡಿ, ಮಾತನ್ನು ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಿ ಎಂದು ಫ್ಯಾಕ್ಸ್ ಯಂತ್ರಗಳ ಕೈಪಿಡಿಗಳಲ್ಲಿ ಬರೆದಿರುವುದು ಇದಕ್ಕಾಗಿಯೇ. ನಾಲ್ಕು ಸೆಕೆಂಡಿನ ಆ ಲೆಕ್ಕ ಮತ್ತು 35 ಸೆಕೆಂಡಿನ ಗಡುವು ಎರಡೂ ಈ ಸಲಹೆಯ ಹಿಂದಿವೆ.

ಪಕ್ಕದ ಕೋಣೆಯ ಫೋನಿನಲ್ಲಿ ನೀವೇ ಮೊದಲು ಎತ್ತಿ ‘ಬೀಪ್’ ಕೇಳಿದರೂ ದಾರಿಯಿದೆ. ಗೊತ್ತುಮಾಡಿದ ಅಂಕಿಗಳನ್ನು ಒತ್ತಿದರೆ ಯಂತ್ರ ಕರೆಯನ್ನು ವಹಿಸಿಕೊಳ್ಳುತ್ತದೆ. ಉದಾಹರಣೆಗೆ ಬ್ರದರ್ ಕಂಪನಿಯ ಹಲವು ಯಂತ್ರಗಳಲ್ಲಿ ಅದು ನಕ್ಷತ್ರ ಚಿಹ್ನೆ, ಐದು, ಒಂದು.

ಫೈಬರ್ ಬಂದ ಮೇಲೆ

ಈಗ ದನಿ ತಾಮ್ರದಲ್ಲಿ ಅಲೆಯಾಗಿ ಹರಿಯುವುದಿಲ್ಲ, ಇಂಟರ್‌ನೆಟ್‌ನ ಪೊಟ್ಟಣಗಳಾಗಿ ಸಾಗುತ್ತದೆ. ಸೆಕೆಂಡಿಗೆ 64,000 ಬಿಟ್ ಬಳಸುವ ಹಳೆಯ ಕ್ರಮದಲ್ಲಿ (ಜಿ.711) ಟೋನ್‌ಗಳು ಹೆಚ್ಚುಕಡಿಮೆ ಹಾಗೆಯೇ ತಲುಪುತ್ತವೆ. 8,000 ಬಿಟ್‌ಗೆ ಹಿಂಡುವ ಕ್ರಮದಲ್ಲಿ (ಜಿ.729) ಮನುಷ್ಯರ ಗಂಟಲಿನಿಂದ ಬಂದಿರಬಹುದಾದದ್ದನ್ನಷ್ಟೇ ಉಳಿಸಿಕೊಳ್ಳುವ ಏರ್ಪಾಡಿದೆ. ಮಾತು ತಿಳಿಯುತ್ತದೆ, ಮೋಡೆಮ್‌ನ ಸದ್ದು ಕೆಡುತ್ತದೆ. ಕರೆಯ ಟೋನ್ ಹೇಗೋ ದಾಟಿದರೂ ಪುಟ ದಾಟುವುದಿಲ್ಲ. ನಡುವೆ ಒಂದೆರಡು ಪೊಟ್ಟಣ ಕಳೆದುಹೋದರೂ ಅಷ್ಟೇ, ಕಿವಿ ಅದನ್ನು ತುಂಬಿಕೊಳ್ಳುತ್ತದೆ, ಮೋಡೆಮ್ ತುಂಬಿಕೊಳ್ಳಲಾರದು.

ಇದಕ್ಕೆ ಪರಿಹಾರವಾಗಿ 1998ರಲ್ಲಿ ಟಿ.38 ಎಂಬ ನಿಯಮ ಬಂತು. ತಂತಿ ಮತ್ತು ಇಂಟರ್‌ನೆಟ್ ಸೇರುವ ಜಾಗದಲ್ಲಿರುವ ಪೆಟ್ಟಿಗೆಯೇ ಟೋನ್‌ಗಳಿಗೆ ಕಿವಿಗೊಟ್ಟು, ಫ್ಯಾಕ್ಸ್ ಎಂದು ಖಚಿತವಾದೊಡನೆ ಸದ್ದು ಸಾಗಿಸುವುದನ್ನು ನಿಲ್ಲಿಸಿ, ಅದರೊಳಗಿನ ಬಿಟ್‌ಗಳನ್ನು ಮಾತ್ರ ಸಾಗಿಸುತ್ತದೆ. ಮನೆಯ ಮೋಡೆಮ್ ಮಾಡುತ್ತಿದ್ದ ಕೆಲಸ ಜಾಲದ ಅಂಚಿಗೆ ಹೋಯಿತು. ಫ್ಯಾಕ್ಸ್ ಕೈಕೊಟ್ಟಾಗ ಸೇವೆ ಕೊಡುವವರನ್ನು ಮೊದಲು ಕೇಳಬೇಕಾದದ್ದು ಟಿ.38 ಇದೆಯೇ ಎಂದು.

ದೊಡ್ಡ ಕಚೇರಿಗಳು ಗುರುತಿಸುವ ತೊಂದರೆಯನ್ನೇ ತಪ್ಪಿಸಿಕೊಂಡಿವೆ. ಫ್ಯಾಕ್ಸ್‌ಗೆಂದೇ ಪ್ರತ್ಯೇಕ ನಂಬರ್, ಆ ನಂಬರಿಗೆ ಬಂದದ್ದೆಲ್ಲ ಫ್ಯಾಕ್ಸ್. ಯಾವ ನಂಬರನ್ನು ಒತ್ತಿದ್ದಾರೆ ಎಂಬುದನ್ನು ದೂರವಾಣಿ ಕೇಂದ್ರವೇ ಕರೆಯ ಜೊತೆಗೆ ತಿಳಿಸುವುದರಿಂದ ಕಿವಿಗೊಟ್ಟು ಊಹಿಸುವ ಅಗತ್ಯವಿಲ್ಲ.

ನಿಮ್ಮ ಫೋನಿನಲ್ಲೇ ‘ಬೀಪ್’ ಬಂದರೆ

ಮೂರೂವರೆ ಸೆಕೆಂಡಿಗೊಮ್ಮೆ ಬೀಪ್ ಕೇಳಿದರೆ ಯಾರದೋ ಫ್ಯಾಕ್ಸ್ ಯಂತ್ರದಲ್ಲಿ ನಿಮ್ಮ ನಂಬರ್ ತಪ್ಪಾಗಿ ಸೇರಿದೆ ಎಂದು ತಿಳಿಯಬಹುದು. ‘ರಾಂಗ್ ನಂಬರ್’ ಎಂದು ಹೇಳಿ ಪ್ರಯೋಜನವಿಲ್ಲ, ಆ ಕಡೆ ಕೇಳುವ ಮನುಷ್ಯರಿಲ್ಲ. ನೀವು ಫೋನ್ ಇಟ್ಟರೆ ಯಂತ್ರ ಕೆಲವು ನಿಮಿಷ ಬಿಟ್ಟು ಮತ್ತೆ ಕರೆಯುತ್ತದೆ. ತೆರೆಯಲ್ಲಿ ಕರೆದವರ ನಂಬರ್ ಕಂಡರೆ ಆ ಕಚೇರಿಗೆ ಕರೆ ಮಾಡಿ ತಿಳಿಸುವುದು ಸುಲಭದ ದಾರಿ. ಕಾಣದಿದ್ದರೆ, ಆ ಹೊತ್ತಿಗಷ್ಟೇ ನಿಮ್ಮ ಕರೆಗಳನ್ನು ಪರಿಚಯದವರ ಫ್ಯಾಕ್ಸ್ ಯಂತ್ರಕ್ಕೆ ಫಾರ್ವರ್ಡ್ ಮಾಡಿ ಒಂದು ಸಲ ಪುಟ ಬರಲು ಬಿಡಿ. ಅಮೆರಿಕದಲ್ಲಿ 1991ರ ಕಾನೂನಿನ ಪ್ರಕಾರ ಫ್ಯಾಕ್ಸ್ ಪುಟದ ಅಂಚಿನಲ್ಲಿ ಕಳಿಸಿದವರ ಗುರುತು, ದೂರವಾಣಿ ಸಂಖ್ಯೆ, ದಿನಾಂಕ ಮತ್ತು ಸಮಯ ಇರಲೇಬೇಕು. ಯಾರಿಗೆ ಫೋನ್ ಮಾಡಿ ನಂಬರ್ ತಿದ್ದಿಸಬೇಕು ಎಂಬುದು ಅಲ್ಲಿ ಸಿಗುತ್ತದೆ. ಒಳಗಿನದು ಬೇರೊಬ್ಬ ರೋಗಿಯ ಕಾಗದವಾಗಿರಬಹುದು, ಅಂಚು ಓದಿ ಉಳಿದದ್ದನ್ನು ಓದದೆ ಹರಿದುಹಾಕಿ.